ಕೊಳ್ಳುವವರಿಲ್ಲದ ಪೇಟೆ

ಮುಗ್ಗಟ್ಟಿನ ದಿನಗಳನ್ನು ಅಂಗಡಿಕಾರರು ದಾಟಿದ ಬಗೆ

ಕನ್ನಡನಾಡಿನ ದಿನಸಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ, ಲಕ್ಷ್ಮಿಯ ಪಟದ ಪಕ್ಕದಲ್ಲಿ, ಒಂದು ಚಿಕ್ಕ ಫಲಕ ತೂಗುವುದುಂಟು: ‘ಇಂದು ನಗದು, ನಾಳೆ ಉದ್ರಿ.’ ನಾಳೆ ಎಂಬುದು ಎಂದಿಗೂ ಬಾರದ ದಿನವಾದುದರಿಂದ ಉದ್ರಿಯೂ ಇಲ್ಲವೆಂಬುದೇ ಅದರ ಇಂಗಿತ. ಆದರೆ ಆ ಫಲಕದ ಕೆಳಗೆಯೇ, ಅಂಗಡಿಕಾರನ ಮೊಣಕೈಯ ಬಳಿ, ಕೆಂಪು ರಟ್ಟಿನ ಖಾತೆಪುಸ್ತಕವೊಂದು ಇದ್ದೇ ಇರುತ್ತದೆ. ಗುರುತಿಲ್ಲದವರಿಗೆ ಫಲಕ, ಬೀದಿಯವರಿಗೆ ಪುಸ್ತಕ ಎಂಬುದು ಹಳೆಯ ವಾಡಿಕೆ. ಎಲ್ಲರ ಕೈಯಲ್ಲೂ ಹಣ ಓಡಾಡುವಾಗ ಇವೆರಡೂ ಒಂದೇ ಸೂರಿನಡಿ ಜಗಳವಿಲ್ಲದೆ ಬಾಳುತ್ತವೆ. ಕೆಲಸವಿಲ್ಲದೆ, ಸಂಬಳವಿಲ್ಲದೆ ಊರಿಗೆ ಊರೇ ಕೈ ಬಿಗಿಹಿಡಿಯುವ ಕಾಲ ಬಂದಾಗ ಮಾತ್ರ ಅಂಗಡಿಕಾರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಇಂತಹ ಆಯ್ಕೆಯ ಸಂಕಟ ಅತಿ ದೊಡ್ಡ ಪ್ರಮಾಣದಲ್ಲಿ ಒದಗಿದ್ದು ಜಗತ್ತಿನ ಶ್ರೀಮಂತ ದೇಶವಾದ ಅಮೆರಿಕದಲ್ಲಿ, 1930ರ ದಶಕದಲ್ಲಿ. ಇಂದು ಮೈಸೂರು, ಹುಬ್ಬಳ್ಳಿಗಳಲ್ಲಿಯೂ ಜನ ಗಾಡಿ ತಳ್ಳಿಕೊಂಡು ಸಾಮಾನು ಆಯ್ದುಕೊಳ್ಳುವ ಸೂಪರ್ ಮಾರ್ಕೆಟ್ಟು ಆ ಸಂಕಟದಲ್ಲಿ ಬೆಳೆದ ಕೂಸೆಂಬುದನ್ನು ಬಲ್ಲವರು ಕಡಿಮೆ. ಆ ಕೂಸು ಬೆಳೆಯಲೆಂದು ಯಾರು ಏನನ್ನು ತೆತ್ತರೆಂಬುದನ್ನು ಬಲ್ಲವರು ಇನ್ನೂ ಕಡಿಮೆ.

ಅರ್ಧಕ್ಕಿಳಿದ ವ್ಯಾಪಾರ

1929ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿದ್ದಿತು. ಅದರ ಹಿಂದೆಯೇ ಕಾರ್ಖಾನೆಗಳು ಮುಚ್ಚಿದವು. ಬ್ಯಾಂಕುಗಳು ಸಾಲುಸಾಲಾಗಿ ದಿವಾಳಿಯೆದ್ದವು. 1933ರ ವೇಳೆಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. 1929ರಲ್ಲಿ ಆ ದೇಶದ ಚಿಲ್ಲರೆ ಅಂಗಡಿಗಳಲ್ಲಿ ನಡೆದ ವ್ಯಾಪಾರ ಸುಮಾರು 4,800 ಕೋಟಿ ಡಾಲರುಗಳಷ್ಟಿದ್ದಿತು. ನಾಲ್ಕು ವರ್ಷಗಳಲ್ಲಿ ಅದು ಸುಮಾರು 2,500 ಕೋಟಿಗೆ ಇಳಿಯಿತು.

ಬೆಲೆಗಳು ಇಳಿದರೆ ಅಂಗಡಿಕಾರನಿಗೆ ಸರಕು ಅಗ್ಗವಾಗಿ ಸಿಗುವುದಿಲ್ಲವೆ, ಅವನಿಗೇನು ನಷ್ಟ ಎಂದು ಕೇಳಬಹುದು. ನಷ್ಟವಿರುವುದು ಅಲ್ಲಿಯೇ. ಅವನ ಕಪಾಟಿನಲ್ಲಿರುವ ದಾಸ್ತಾನು ಹೋದ ತಿಂಗಳಿನ ಬೆಲೆಗೆ ಕೊಂಡದ್ದು. ಮಾರಬೇಕಾದುದು ಈ ತಿಂಗಳಿನ ಬೆಲೆಗೆ. ಹತ್ತಕ್ಕೆ ತಂದುದು ಒಂಬತ್ತಕ್ಕೂ ಹೋಗದು. ಅತ್ತ ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿಯಾಗಲಿ, ಮಳಿಗೆಯ ಬಾಡಿಗೆಯಾಗಲಿ, ಬ್ಯಾಂಕಿನ ಸಾಲವಾಗಲಿ ಬೆಲೆಗಳೊಡನೆ ತಾವಾಗಿಯೇ ಇಳಿಯುವುದಿಲ್ಲ. ನಾಳೆ ಇನ್ನೂ ಅಗ್ಗವಾದೀತೆಂದು ಕಾಯುವ ಗಿರಾಕಿ ಇಂದು ಕೊಳ್ಳುವುದೂ ಇಲ್ಲ. ಪೀಠೋಪಕರಣ, ಒಡವೆ, ಮೋಟಾರು ಮಾರುವವರ ಅಂಗಡಿಗಳಲ್ಲಿ ನೊಣ ಹೊಡೆಯುವ ಕೆಲಸವಷ್ಟೇ ಉಳಿಯಿತು. ದಿನಸಿಯವನ ಪಾಡು ಬೇರೆ. ಊಟವನ್ನು ಯಾರೂ ಮುಂದಿನ ವರ್ಷಕ್ಕೆ ತಳ್ಳಲಾರರು. ಆದುದರಿಂದ ಅವನ ಬಾಗಿಲಿಗೆ ಜನ ಬರುತ್ತಲೇ ಇದ್ದರು. ಆದರೆ ಬಂದವರ ಕೈ ಬರಿದಾಗಿತ್ತು.

ಖಾತೆಪುಸ್ತಕದ ಧರ್ಮಸಂಕಟ

ಅಂದಿನ ಅಮೆರಿಕದ ಬೀದಿಮೂಲೆಯ ದಿನಸಿ ಅಂಗಡಿ ಕನ್ನಡನಾಡಿನ ಶೆಟ್ಟರ ಅಂಗಡಿಗಿಂತ ಬಹಳ ಭಿನ್ನವಾಗಿರಲಿಲ್ಲ. ಗೃಹಿಣಿ ಗಲ್ಲಾದ ಮುಂದೆ ನಿಂತು ಬೇಕಾದುದನ್ನು ಹೇಳುವಳು. ಅಂಗಡಿಯ ಆಳು ಒಳಗಿನಿಂದ ತಂದು, ತೂಗಿ, ಪೊಟ್ಟಣ ಕಟ್ಟುವನು. ಭಾರವಾದುದನ್ನು ಹುಡುಗನೊಬ್ಬ ಮನೆಗೆ ಮುಟ್ಟಿಸುವನು. ಲೆಕ್ಕ ಪುಸ್ತಕಕ್ಕೇರುವುದು, ಸಂಬಳದ ದಿನ ತೀರುವುದು.

ಸಂಬಳದ ದಿನವೇ ಇಲ್ಲವಾದಾಗ ಅಂಗಡಿಕಾರ ಮಾಡಬೇಕಾದುದೇನು? ಉದ್ರಿ ನಿಲ್ಲಿಸಿದರೆ ಹತ್ತು ವರ್ಷಗಳ ಗಿರಾಕಿ ದೂರವಾಗುತ್ತಾನೆ; ಅವನೊಡನೆ ಹಳೆಯ ಬಾಕಿಯೂ ಹೋಗುತ್ತದೆ. ಮೇಲಾಗಿ, ಪ್ರತಿದಿನ ಎದುರಿಗೆ ಕಾಣುವ ಮನೆಯ ಮಕ್ಕಳು ಉಪವಾಸವಿರುವುದನ್ನು ನೋಡುತ್ತ ಹಿಟ್ಟಿನ ಮೂಟೆಯ ಬಾಯಿ ಕಟ್ಟಿಡುವುದು ಎಲ್ಲರಿಂದಾಗುವ ಕೆಲಸವಲ್ಲ. ಕೊಡುತ್ತಲೇ ಹೋದರೋ, ಸಗಟು ವ್ಯಾಪಾರಿ ಅವನಿಗೆ ಅದೇ ಔದಾರ್ಯವನ್ನು ತೋರುವುದಿಲ್ಲ. ಅನೇಕರು ಕೊಟ್ಟರು. ಕೊಟ್ಟವರಲ್ಲಿ ಎಷ್ಟೋ ಮಂದಿ ಗಿರಾಕಿಗಳ ಹೆಸರು ತುಂಬಿದ ಪುಸ್ತಕವೊಂದನ್ನೇ ಆಸ್ತಿಯಾಗಿ ಉಳಿಸಿಕೊಂಡು ಬಾಗಿಲೆಳೆದರು.

ಒಮ್ಮೊಮ್ಮೆ ಇಡೀ ಊರೇ ಉದ್ರಿಯ ಮೇಲೆ ನಿಲ್ಲಬೇಕಾಯಿತು. ವಾಷಿಂಗ್ಟನ್ ರಾಜ್ಯದ ಟೆನೈನೋ ಎಂಬ ಸಣ್ಣ ಪಟ್ಟಣದ ಬ್ಯಾಂಕು 1931ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಜನರ ಠೇವಣಿ ಸಿಕ್ಕಿಬಿದ್ದುದರಿಂದ ಪೇಟೆಯಲ್ಲಿ ಚಲಾವಣೆಗೆ ಹಣವೇ ಇಲ್ಲವಾಯಿತು. ಆಗ ಊರಿನ ವರ್ತಕರ ಸಂಘ ತನ್ನದೇ ಚೀಟಿಗಳನ್ನು ಅಚ್ಚು ಹಾಕಿಸಿತು. ಮುಂದೆ ಅವನ್ನು ಕಾಗದದ ಬದಲು ಮರದ ತೆಳುಹಾಳೆಗಳ ಮೇಲೆ ಮುದ್ರಿಸಲಾಯಿತು. ಅಂಗಡಿಕಾರರು ಆ ಮರದ ಹಣವನ್ನು ಪಡೆದು ಸಾಮಾನು ಕೊಟ್ಟರು. ವಿಚಿತ್ರವೆಂದು ದೂರದೂರದವರು ಅದನ್ನು ಸಂಗ್ರಹಕ್ಕಾಗಿ ಕೊಂಡುಕೊಂಡದ್ದರಿಂದ ಎಷ್ಟೋ ಚೀಟಿಗಳು ಹಿಂದಿರುಗಿ ಬರಲೇ ಇಲ್ಲ. 1933ರ ಮಾರ್ಚ್ 6ರಿಂದ ಹೊಸ ಅಧ್ಯಕ್ಷ ರೂಸ್‌ವೆಲ್ಟರು ದೇಶದ ಎಲ್ಲ ಬ್ಯಾಂಕುಗಳಿಗೂ ಕೆಲವು ದಿನ ರಜೆ ಸಾರಿದಾಗ ಮಹಾನಗರಗಳ ಮಳಿಗೆಗಳೂ ಬರಿಯ ಮಾತಿನ ಮೇಲೆ, ಚೀಟಿಯ ಮೇಲೆ ಸರಕು ಕೊಡಬೇಕಾಯಿತು. ನಾಣ್ಯ ಮಾಯವಾದಾಗ ವ್ಯಾಪಾರವನ್ನು ನಡೆಸಿದ್ದು ಪರಿಚಯವೊಂದೇ.

ಖಾಲಿ ಗ್ಯಾರೇಜಿನಲ್ಲಿ ಹೊಸ ಸಂತೆ

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದವನು ಮೈಕೇಲ್ ಕಲನ್. ದಿನಸಿ ವ್ಯಾಪಾರದಲ್ಲಿಯೇ ತಲೆ ನರೆಸಿದ ಆತ ಇಲಿನಾಯ್ ರಾಜ್ಯದಲ್ಲಿ ಕ್ರೋಗರ್ ಎಂಬ ದೊಡ್ಡ ಸರಣಿ ಅಂಗಡಿಗಳ ಸಂಸ್ಥೆಯ ನೌಕರನಾಗಿದ್ದ. ಹಿಂದೆಂದೂ ಕಾಣದಷ್ಟು ದೊಡ್ಡ ಅಂಗಡಿಯನ್ನು ಬಾಡಿಗೆ ಕಡಿಮೆಯಿರುವ ಕಡೆ ತೆರೆಯಬೇಕು. ಗಿರಾಕಿಗಳು ತಾವೇ ಸಾಮಾನು ಆಯ್ದುಕೊಳ್ಳಬೇಕು. ಉದ್ರಿಯೂ ಬೇಡ, ಮನೆಗೆ ಮುಟ್ಟಿಸುವುದೂ ಬೇಡ. ಮುನ್ನೂರು ಪದಾರ್ಥಗಳನ್ನು ಕೊಂಡ ಬೆಲೆಗೇ ಮಾರೋಣ, ಇನ್ನೂರನ್ನು ನೂರಕ್ಕೆ ಐದರ ಲಾಭಕ್ಕೆ ಮಾರೋಣ, ಉಳಿದವುಗಳಲ್ಲಿ ಹದಿನೈದೋ ಇಪ್ಪತ್ತೋ ದೊರೆತರೆ ಸಾಕು. ಹೀಗೆಂದು ಆತ 1930ರಲ್ಲಿ ಸಂಸ್ಥೆಯ ಅಧ್ಯಕ್ಷರಿಗೆ ದೀರ್ಘವಾದ ಪತ್ರ ಬರೆದ. ಮೇಲಿನವರು ಅದಕ್ಕೆ ಮನಗೊಡಲಿಲ್ಲ. ಕಲನ್ ಕೆಲಸ ಬಿಟ್ಟು ನ್ಯೂಯಾರ್ಕಿಗೆ ಬಂದ. ಕ್ವೀನ್ಸ್ ಭಾಗದ ಜಮೈಕಾ ಎಂಬಲ್ಲಿ ಖಾಲಿ ಬಿದ್ದಿದ್ದ ಮೋಟಾರು ಗ್ಯಾರೇಜೊಂದನ್ನು ಬಾಡಿಗೆಗೆ ಹಿಡಿದು, 1930ರ ಆಗಸ್ಟ್ 4ರಂದು ‘ಕಿಂಗ್ ಕಲನ್’ ಎಂಬ ಅಂಗಡಿಯನ್ನು ತೆರೆದ.

ಗಿರಾಕಿಯೇ ಸಾಮಾನು ಎತ್ತಿಕೊಳ್ಳುವ ಪದ್ಧತಿ ಅವನ ಶೋಧನೆಯಲ್ಲ. ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 1916ರಲ್ಲಿಯೇ ಮೆಂಫಿಸ್ ನಗರದ ತನ್ನ ಪಿಗ್ಲಿ ವಿಗ್ಲಿ ಅಂಗಡಿಯಲ್ಲಿ ಅದನ್ನು ಜಾರಿಗೆ ತಂದಿದ್ದ. ಮುಗ್ಗಟ್ಟಿನ ಹೊಡೆತದಲ್ಲಿ ಅದಕ್ಕೆ ಗಾತ್ರವನ್ನೂ ಅಗ್ಗದ ಬೆಲೆಯನ್ನೂ ಕೂಡಿಸಿದುದು ಕಲನ್ನನ ಜಾಣತನ. ಅವನ ಲೆಕ್ಕ ಸರಳವಾದುದು. ಹತ್ತು ಡಾಲರಿನ ಸರಕನ್ನು ತಿಂಗಳಿಗೊಮ್ಮೆ ಮಾರಿ ಎರಡು ಡಾಲರು ಲಾಭ ಪಡೆಯುವವನಿಗಿಂತ, ಅದೇ ಹತ್ತು ಡಾಲರನ್ನು ವಾರವಾರವೂ ತಿರುಗಿಸಿ ಒಂದೊಂದೇ ಡಾಲರು ಪಡೆಯುವವನ ಗಳಿಕೆ ಇಮ್ಮಡಿಯಾಗುತ್ತದೆ. ಕೊಂಡ ಬೆಲೆಗೆ ಮಾರಿದ ಸಾಮಾನು ಜನರನ್ನು ಕರೆತರುವುದು. ಬಂದವರು ಜೊತೆಗೆ ಕೊಳ್ಳುವ ಇತರ ಸಾಮಾನು ಲಾಭ ತರುವುದು. ಹಳೆಯ ಮೋಟಾರುಗಳನ್ನೇರಿ ಜನ ಮೈಲಿಗಟ್ಟಲೆ ದೂರದಿಂದ ಬಂದರು. 1932ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಪಟ್ಟಣದಲ್ಲಿ ‘ಬಿಗ್ ಬೇರ್’ ಎಂಬ ಇನ್ನೊಂದು ಅಂಗಡಿ ಮುಚ್ಚಿಹೋದ ಮೋಟಾರು ಕಾರ್ಖಾನೆಯೊಳಗೇ ಪ್ರಾರಂಭವಾಯಿತು. 1936ರಲ್ಲಿ ಕಲನ್ ತೀರಿಕೊಂಡಾಗ ಅವನ ಅಂಗಡಿಗಳು ಹದಿನೇಳಾಗಿದ್ದವು.

ಬೆಲೆ ಇಳಿದುದೇನೋ ನಿಜ. ಆದರೆ ಸಾಮಾನು ಹುಡುಕುವ, ಹೊರುವ, ಮನೆಗೊಯ್ಯುವ ದುಡಿಮೆಯೆಲ್ಲ ಸದ್ದಿಲ್ಲದೆ ಗಿರಾಕಿಯ ಹೆಗಲೇರಿತು. ಬುಟ್ಟಿ ಭಾರವಾದೊಡನೆ ಹೆಂಗಸರು ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಒಕ್ಲಹೋಮ ನಗರದ ವರ್ತಕ ಸಿಲ್ವನ್ ಗೋಲ್ಡ್‌ಮನ್ ಗಮನಿಸಿದ. ಮಡಿಸುವ ಕುರ್ಚಿಯೊಂದನ್ನು ಕಂಡು ಅವನಿಗೆ ಯುಕ್ತಿ ಹೊಳೆಯಿತು. 1937ರಲ್ಲಿ ಚಕ್ರಗಳ ಮೇಲೆ ಬುಟ್ಟಿಗಳನ್ನಿರಿಸಿದ ಗಾಡಿ ಸಿದ್ಧವಾಯಿತು. ಮೊದಮೊದಲು ಅದನ್ನು ಯಾರೂ ಮುಟ್ಟಲಿಲ್ಲ. ಕೂಸಿನ ಗಾಡಿ ತಳ್ಳಿದ್ದು ಸಾಕೆಂದು ಹೆಂಗಸರು, ಬುಟ್ಟಿ ಹೊರಲಾರದ ದುರ್ಬಲರೇ ತಾವು ಎಂದು ಗಂಡಸರು ಮುಖ ತಿರುಗಿಸಿದರು. ಕೊನೆಗೆ ಗೋಲ್ಡ್‌ಮನ್ ಕೂಲಿ ಕೊಟ್ಟು ಕೆಲವರನ್ನು ಗಿರಾಕಿಗಳಂತೆ ಅಂಗಡಿಯೊಳಗೆ ಗಾಡಿ ತಳ್ಳಿಸಿದ. ಅವರನ್ನು ನೋಡಿ ಉಳಿದವರೂ ಕೈ ಹಾಕಿದರು.

ಬಗೆಬಗೆಯ ಉಪಾಯಗಳು

ಎಲ್ಲರಿಗೂ ಗ್ಯಾರೇಜು ಹಿಡಿಯುವ ಶಕ್ತಿಯಿರಲಿಲ್ಲ. ಬಟ್ಟೆ, ಪಾತ್ರೆ, ಆಟಿಕೆಗಳ ವ್ಯಾಪಾರಿಗಳು ತಮತಮಗೆ ತೋಚಿದ ದಾರಿ ಹಿಡಿದರು. ಗಿರಾಕಿ ಮೆಚ್ಚಿದ ಕೋಟನ್ನು ಸ್ವಲ್ಪ ಮುಂಗಡ ಪಡೆದು ಎತ್ತಿಟ್ಟು, ವಾರವಾರ ಕಂತು ಕಟ್ಟಿ ಮುಗಿಸಿದ ಮೇಲೆ ಕೊಡುವ ಏರ್ಪಾಡು ಬಳಕೆಗೆ ಬಂದಿತು. ಇದರಲ್ಲಿ ಅಂಗಡಿಯವನಿಗೆ ಸಾಲ ಮುಳುಗುವ ಭಯವಿಲ್ಲ. ಬಡವನಿಗೆ ಒಮ್ಮೆಲೇ ಹಣ ಹೊಂದಿಸುವ ಕಷ್ಟವಿಲ್ಲ. ಐದು ಹತ್ತು ಸೆಂಟುಗಳ ಅಂಗಡಿಯೆಂದೇ ಹೆಸರಾದ ವುಲ್‌ವರ್ತ್ ಸಂಸ್ಥೆ 1932ರಲ್ಲಿ ಇಪ್ಪತ್ತು ಸೆಂಟಿನ ಸಾಮಾನುಗಳನ್ನೂ ಸೇರಿಸಿತು. 1935ರಲ್ಲಿ ಬೆಲೆಯ ಮಿತಿಯನ್ನೇ ಕೈಬಿಟ್ಟಿತು. ಹಿಟ್ಟಿನ ಚೀಲದ ಬಟ್ಟೆಯಿಂದ ಹಳ್ಳಿಯ ತಾಯಂದಿರು ಮಕ್ಕಳಿಗೆ ಅಂಗಿ ಹೊಲಿಯುವುದನ್ನರಿತ ಗಿರಣಿಗಳು ಚೀಲಗಳ ಮೇಲೆ ಹೂಬಳ್ಳಿಗಳನ್ನು ಅಚ್ಚು ಮಾಡಿಸಿದವು. ಹಿಟ್ಟಿಗಿಂತ ಚೀಲವನ್ನೇ ನೋಡಿ ಆರಿಸುವ ಗಿರಾಕಿಗಳಿಗಾಗಿ ಅಂಗಡಿಯವನು ಮೂಟೆಗಳ ರಾಶಿಯನ್ನೇ ಮಗುಚಬೇಕಾಗುತ್ತಿತ್ತು.

ಹಬ್ಬದ ದಿನವನ್ನೇ ಹಿಂದಕ್ಕೆಳೆದದ್ದು ಇವೆಲ್ಲಕ್ಕಿಂತ ವಿನೋದದ ಸಂಗತಿ. ಅಮೆರಿಕದಲ್ಲಿ ಕ್ರಿಸ್‌ಮಸ್ ವ್ಯಾಪಾರ ಕಳೆಗಟ್ಟುವುದು ನವೆಂಬರಿನ ಕೃತಜ್ಞತಾ ಹಬ್ಬದ ಅನಂತರ. 1939ರಲ್ಲಿ ಆ ತಿಂಗಳ ಕೊನೆಯ ಗುರುವಾರ 30ನೆಯ ತಾರೀಖಿಗೆ ಬಿದ್ದು, ವ್ಯಾಪಾರದ ದಿನಗಳು ಕಡಿಮೆಯಾದವು. ದೊಡ್ಡ ವರ್ತಕರ ಮೊರೆ ಕೇಳಿ ರೂಸ್‌ವೆಲ್ಟರು ಹಬ್ಬವನ್ನು 23ಕ್ಕೆ ಬದಲಿಸಿದರು. ಬಟ್ಟೆಯಂಗಡಿಯವರ ಅನುಕೂಲಕ್ಕಾಗಿ ದೀಪಾವಳಿಯನ್ನು ವಾರ ಮುಂಚೆ ಮಾಡಿರೆಂದರೆ ಏನಾದೀತೋ ಅಲ್ಲಿಯೂ ಅದೇ ಆಯಿತು. ಕೆಲವು ರಾಜ್ಯಗಳು ಹೊಸ ದಿನ, ಕೆಲವು ಹಳೆಯ ದಿನ ಹಬ್ಬ ಆಚರಿಸಿದವು. ಟೆಕ್ಸಸ್ ಎರಡೂ ದಿನ ರಜೆ ಕೊಟ್ಟಿತು. ಇದರಿಂದ ವ್ಯಾಪಾರ ಗಣನೀಯವಾಗಿ ಹೆಚ್ಚಲಿಲ್ಲವೆಂದು 1941ರಲ್ಲಿ ಅಧ್ಯಕ್ಷರೇ ಒಪ್ಪಿಕೊಂಡರು. ಪಂಚಾಂಗವನ್ನು ತಿದ್ದಿದ ಮಾತ್ರಕ್ಕೆ ಜೇಬಿಗೆ ಕಾಸು ಬರುವುದಿಲ್ಲ.

ಸಣ್ಣವರ ಹೋರಾಟ

ಬೀದಿಮೂಲೆಯ ಅಂಗಡಿಕಾರರು ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಅಂಗಡಿಗಳಿದ್ದ ಎ ಅಂಡ್ ಪಿಯಂತಹ ಸರಣಿ ಸಂಸ್ಥೆಗಳು ಸಗಟು ಖರೀದಿಯಲ್ಲಿ ಪಡೆಯುವ ರಿಯಾಯಿತಿ ಒಬ್ಬೊಂಟಿಗನಿಗೆ ದೊರೆಯದು. ಆದುದರಿಂದ ಸ್ವತಂತ್ರ ದಿನಸಿ ವ್ಯಾಪಾರಿಗಳು ಒಟ್ಟುಗೂಡಿ ಕೊಳ್ಳುವ ಒಕ್ಕೂಟಗಳನ್ನು ಬಲಪಡಿಸಿಕೊಂಡರು. 1926ರಲ್ಲಿ ಹುಟ್ಟಿದ ಐ.ಜಿ.ಎ. ಅಂತಹವುಗಳಲ್ಲೊಂದು. ಅಂಗಡಿ ತನ್ನದೇ, ಖರೀದಿ ಮಾತ್ರ ಹತ್ತು ಜನರೊಡನೆ. 1905ರಲ್ಲಿಯೇ ಗದಗದ ಬಳಿಯ ಕಣಗಿನಹಾಳದಲ್ಲಿ ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದ ನಾಡಿನವರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಹೋರಾಟ ಕಾನೂನಿನ ಅಂಗಳಕ್ಕೂ ಹೋಯಿತು. ಸರಣಿ ಅಂಗಡಿಗಳ ಮೇಲೆ ಇಂಡಿಯಾನಾ ರಾಜ್ಯ ಹಾಕಿದ ವಿಶೇಷ ತೆರಿಗೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1931ರಲ್ಲಿ ಎತ್ತಿಹಿಡಿಯಿತು. ಇತರ ರಾಜ್ಯಗಳೂ ಅದೇ ಜಾಡು ಹಿಡಿದವು. ದೊಡ್ಡ ಗ್ರಾಹಕನಿಗೊಂದು ಬೆಲೆ, ಸಣ್ಣವನಿಗೊಂದು ಬೆಲೆ ಎಂಬ ತಾರತಮ್ಯವನ್ನು ತಡೆಯಲು 1936ರಲ್ಲಿ ರಾಬಿನ್ಸನ್-ಪಾಟ್ಮನ್ ಕಾಯಿದೆ ಬಂದಿತು. ತೆರಿಗೆ ಅಂಗಡಿಗಳ ಎಣಿಕೆಯ ಮೇಲಿದ್ದುದರಿಂದ, ಹತ್ತು ಸಣ್ಣ ಅಂಗಡಿಗಳನ್ನು ಮುಚ್ಚಿ ಒಂದು ದೊಡ್ಡದನ್ನು ತೆರೆಯಲು ಸರಣಿ ಸಂಸ್ಥೆಗಳಿಗೆ ಅದೂ ಒಂದು ಕಾರಣವಾಯಿತು. ಸಣ್ಣವರನ್ನು ಕಾಯಲೆಂದು ಹಾಕಿದ ಬೇಲಿ ಸೂಪರ್ ಮಾರ್ಕೆಟ್ಟಿಗೆ ದಾರಿಮಾಡಿಕೊಟ್ಟಿತು.

ನಷ್ಟವನ್ನು ಹೊತ್ತವರು

ಈ ಇತಿಹಾಸದಲ್ಲಿ ಕಲನ್, ಗೋಲ್ಡ್‌ಮನ್ನರ ಸಾಹಸಕ್ಕೆ ಸಲ್ಲುವ ಮೆಚ್ಚುಗೆ ಸಲ್ಲಲೇಬೇಕು. ಕಡಿಮೆ ಸಂಬಳದಲ್ಲಿ ಸಂಸಾರ ತೂಗಿಸುತ್ತಿದ್ದವರ ಊಟದ ತಟ್ಟೆಯನ್ನು ಅಗ್ಗದ ಬೆಲೆ ತುಂಬಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಅಗ್ಗದ ಬೆಲೆ ದೊರೆತದ್ದು ಕೈಯಲ್ಲಿ ನಗದಿದ್ದವರಿಗೆ. ನಗದಿಲ್ಲದವರು ಬೀದಿಮೂಲೆಯ ಪುಸ್ತಕವನ್ನೇ ನಂಬಿದ್ದರು. ಕಾಸಿದ್ದವರು ದೂರದ ಗ್ಯಾರೇಜಿಗೆ ಹೋದುದರಿಂದ, ಉದ್ರಿ ಕೊಟ್ಟವನ ಪಾಲಿಗೆ ಉಳಿದದ್ದು ಉದ್ರಿಯವರು ಮಾತ್ರ. ಒಂದೇ ಬೀದಿಯ ಕಷ್ಟವನ್ನು ಒಬ್ಬ ಲೆಕ್ಕ ಹಾಕಿ ಗೆದ್ದ. ಇನ್ನೊಬ್ಬ ಹೊತ್ತು ಸೋತ.

ಹೊತ್ತವನ ಅಗತ್ಯ ಮಾತ್ರ ತೀರಿಹೋಗಿಲ್ಲ. 2020ರ ಮಾರ್ಚ್ 25ರಿಂದ ಕೊರೋನಾ ನಿಮಿತ್ತ ಭಾರತವೆಲ್ಲ ಬಾಗಿಲಿಕ್ಕಿಕೊಂಡಾಗ, ಕೂಲಿ ಸಂಬಳಗಳು ನಿಂತುಹೋದ ಆ ವಾರಗಳಲ್ಲಿ, ಕರ್ನಾಟಕದ ಊರುಕೇರಿಗಳಲ್ಲಿ ಅನೇಕ ಸಂಸಾರಗಳು ಹತ್ತಿರದ ಕಿರಾಣಿ ಅಂಗಡಿಯನ್ನೇ ನೆಚ್ಚಿ ನಿಂತವು. ದೂರವಾಣಿಯಲ್ಲಿ ಪಟ್ಟಿ ಕೇಳಿಕೊಂಡು ಅಕ್ಕಿಬೇಳೆಯನ್ನು ಬಾಗಿಲಿಗೆ ಕಳಿಸಿದ, ‘ಆಮೇಲೆ ಕೊಡಿ’ ಎಂದು ಖಾತೆಗೆ ಬರೆದುಕೊಂಡ ಅಂಗಡಿಕಾರರನ್ನು ಬಲ್ಲ ಮನೆಗಳು ಇಂದಿಗೂ ಬಹಳ.

ಮುಗ್ಗಟ್ಟು ಬಂದಾಗ ಅಂಗಡಿಕಾರ ಹೇಗೆ ನಡೆದುಕೊಂಡನೆಂಬುದನ್ನು ವ್ಯಾಪಾರಶಾಸ್ತ್ರ ವಿಚಾರಿಸುತ್ತದೆ. ಮುಗ್ಗಟ್ಟು ಕಳೆದ ಮೇಲೆ ಗಿರಾಕಿ ಹೇಗೆ ನಡೆದುಕೊಂಡನೆಂಬುದೂ ಅಷ್ಟೇ ದೊಡ್ಡ ಮಾತು. ಮತ್ತೆ ಕೈಗೆ ಬಂದ ಮೊದಲ ಸಂಬಳವನ್ನು ಆತ ಯಾವ ಅಂಗಡಿಗೆ ಒಯ್ಯುತ್ತಾನೆಂಬುದರ ಮೇಲೆ, ಮುಂದಿನ ಕಷ್ಟದಲ್ಲಿ ಆ ಬೀದಿಗೆ ಉದ್ರಿ ಕೊಡುವವನು ಉಳಿದಿರುವನೋ ಇಲ್ಲವೋ ಎಂಬುದು ನಿಂತಿದೆ.