ಅತಿಥಿಯಾಗುವ ವಿದ್ಯೆ: ಸಲಮಾಂಕಾದಲ್ಲಿ ಒಂದು ಸೆಮಿಸ್ಟರ್

ಕೆಲವು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರ್ 9ರ ಮುಂಜಾನೆ ಐದು ಗಂಟೆ. ಹಿಂದಿನ ದಿನವಷ್ಟೇ ಮೊಂತಿ ಹಬ್ಬ ಮುಗಿದಿತ್ತು. ಹೊಸ ಅಕ್ಕಿಯ ಊಟಕ್ಕೆ ಮನೆಮಂದಿಯೆಲ್ಲ ಸೇರಿದ್ದರೂ ಮಗಳ ಎಲೆಯೊಂದು ಕಡಿಮೆಯಾಗಿತ್ತು. ಆ ಕೊರಗಿನಲ್ಲಿ ನಿದ್ರೆ ಬಾರದ ತಾಯಿ, ಬೆಳಗಿನ ಬಲಿಪೂಜೆಗೆ ಹೊರಡುವ ಮುನ್ನ, ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿದ್ದ ಮಗಳಿಗೆ ದೂರವಾಣಿ ಕರೆ ಮಾಡಿದರು. ಅಲ್ಲಿ ಆಗ ರಾತ್ರಿ ಒಂದೂವರೆ ಗಂಟೆ. ಮಗಳು ಕರೆಗೆ ಉತ್ತರಿಸಿದಳು. ಆದರೆ ಅವಳ ಧ್ವನಿಗಿಂತ ಮೊದಲು ಕೇಳಿಸಿದ್ದು ಜನಸಮೂಹದ ಗದ್ದಲ, ವಾದ್ಯದ ಅಬ್ಬರ, ಅಪರಿಚಿತ ಭಾಷೆಯ ನಗು. ‘ಅಮ್ಮಾ, ನಾಳೆ ಮಾತನಾಡುತ್ತೇನೆ’ ಎಂಬ ಒಂದು ಮಾತು ಮಾತ್ರ ತಾಯಿಯ ಕಿವಿಗೆ ಬಿತ್ತು.

ಪೂಜೆ ಮುಗಿದ ಮೇಲೆ ಆ ತಾಯಿ ನಮ್ಮನ್ನು ಕಾಣಲು ಬಂದರು. ಮಗಳನ್ನು ಹಿಂದಕ್ಕೆ ಕರೆಸಬೇಕೇ ಬೇಡವೇ ಎಂಬುದೇ ಅವರ ಪ್ರಶ್ನೆ. ಅವಳು ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಳು. ಯುರೋಪಿನ ವಿಶ್ವವಿದ್ಯಾಲಯಗಳ ನಡುವೆ 1987ರಿಂದ ನಡೆದುಬಂದಿರುವ ‘ಎರಾಸ್ಮಸ್’ ವಿನಿಮಯ ಯೋಜನೆಯಡಿ ಒಂದು ಸೆಮಿಸ್ಟರನ್ನು ಸಲಮಾಂಕಾದಲ್ಲಿ ಕಳೆಯಲು ಹೋಗಿದ್ದಳು. ಜರ್ಮನಿಗೆ ಕಳುಹಿಸಲು ಅಂಜದಿದ್ದ ತಾಯಿಗೆ ಈ ಮೋಜಿನ ಊರು ಮಾತ್ರ ನಂಬಿಕೆ ಹುಟ್ಟಿಸಲಿಲ್ಲ. ನಾವೂ ಹೆಚ್ಚು ವಿಚಾರಿಸದೆ, ‘ಜರ್ಮನಿಗೆ ಮರಳಿ ಹೋಗಲು ಹೇಳುವುದೇ ಲೇಸು’ ಎಂದುಬಿಟ್ಟೆವು. ಆ ಸಲಹೆ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ, ಆ ಕುಟುಂಬದ ಅನುಮತಿ ಪಡೆದು, ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊಂಬಣ್ಣದ ಊರು

ಮಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ತೋರ್ಮೆಸ್ ನದಿಯ ದಂಡೆಯ ಮೇಲೆ ಸಲಮಾಂಕಾ ನಿಂತಿದೆ. ಜನಸಂಖ್ಯೆ ಒಂದೂವರೆ ಲಕ್ಷವನ್ನು ಮುಟ್ಟುವುದಿಲ್ಲ. ಲಿಯೋನ್ ರಾಜ್ಯದ ದೊರೆ ಒಂಬತ್ತನೆಯ ಅಲ್ಫೋನ್ಸೊ 1218ರಲ್ಲಿ ಸ್ಥಾಪಿಸಿದ ಇಲ್ಲಿನ ವಿಶ್ವವಿದ್ಯಾಲಯ, ಸ್ಪೇನ್‌ನಲ್ಲಿ ಇಂದಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲಿ ಅತ್ಯಂತ ಹಳೆಯದು. ಸಮೀಪದ ವಿಯಾಮಾಯೋರ್ ಗ್ರಾಮದ ಮೃದುವಾದ ಮರಳುಗಲ್ಲಿನಿಂದ ಊರಿನ ಹಳೆಯ ಕಟ್ಟಡಗಳೆಲ್ಲ ಎದ್ದಿವೆ. ಕಾಲ ಸರಿದಂತೆ ಆ ಕಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಸಂಜೆಯ ಬಿಸಿಲಿನಲ್ಲಿ ಇಡೀ ಊರು ಒಳಗಿನಿಂದಲೇ ಬೆಳಗಿದಂತೆ ತೋರುತ್ತದೆಂದು ಅವಳು ನಮಗೆ ಬರೆದಿದ್ದಳು.

ಊರಿನ ಎದೆಯಂತಿರುವುದು ಪ್ಲಾಸಾ ಮಾಯೋರ್ ಎಂಬ ಚೌಕ. ಆಲ್ಬೆರ್ತೊ ಚುರಿಗೇರಾ ಎಂಬ ಶಿಲ್ಪಿಯ ನಕ್ಷೆಯಂತೆ 1729ರಲ್ಲಿ ಆರಂಭವಾದ ಕೆಲಸ 1755ರಲ್ಲಿ ಮುಗಿಯಿತು. ನಾಲ್ಕು ಬದಿಗೂ ಕಮಾನುಗಳ ಸಾಲು, ಕಮಾನುಗಳ ನಡುವೆ ರಾಜರ ಮತ್ತು ಮಹನೀಯರ ಮುಖಮುದ್ರೆಗಳು. ಸರ್ವಾಧಿಕಾರಿ ಫ್ರಾಂಕೊನ ಮುಖವೂ ಅಲ್ಲಿತ್ತು. ಅದನ್ನು 2017ರಲ್ಲಿ ತೆಗೆದುಹಾಕಿದರು. ಗೆಳೆಯರು ಭೇಟಿಯಾಗಬೇಕಾದರೆ ‘ಗಡಿಯಾರದ ಕೆಳಗೆ’ ಎಂದರೆ ಸಾಕು. ಪುರಭವನದ ಗಡಿಯಾರದಡಿ ದಿನವಿಡೀ ಯಾರಾದರೊಬ್ಬರು ಯಾರನ್ನಾದರೂ ಕಾಯುತ್ತಿರುತ್ತಾರೆ.

ತಾಯಿಯನ್ನು ಹೆದರಿಸಿದ ಆ ಗದ್ದಲದ ಮೂಲವನ್ನೂ ಇಲ್ಲಿ ಹೇಳಬೇಕು. ಸೆಪ್ಟೆಂಬರ್ 8, ಅಂದರೆ ನಮ್ಮ ಮೊಂತಿ ಹಬ್ಬದ ದಿನವೇ, ಸಲಮಾಂಕಾದ ಪಾಲಕಿಯಾದ ವೇಗಾ ಮಾತೆಯ ಹಬ್ಬ. ಹಳೆಯ ಪ್ರಧಾನಾಲಯದ ಬಲಿಪೀಠದಲ್ಲಿರುವ ಆ ಮಾತೆಯ ಪುರಾತನ ಪ್ರತಿಮೆಯನ್ನು ಇಡೀ ನಗರ ಗೌರವಿಸುತ್ತದೆ; ಸುತ್ತಮುತ್ತಲಿನ ದಿನಗಳಲ್ಲಿ ಜಾತ್ರೆ, ಸಂಗೀತ, ಬೀದಿಯ ಊಟ ನಡೆಯುತ್ತವೆ. ಆ ರಾತ್ರಿ ಅವಳನ್ನು ಸುತ್ತುವರಿದದ್ದು, ನಮ್ಮಲ್ಲಿ ಮಕ್ಕಳು ಹೂ ಎರಚಿ ಸ್ತುತಿಸಿದ ಅದೇ ಮರಿಯಮ್ಮನ ಹಬ್ಬದ ಗದ್ದಲ. ತಾಯಿ ಮಗಳಿಬ್ಬರೂ ಒಂದೇ ಹಬ್ಬವನ್ನು ಆಚರಿಸುತ್ತಿದ್ದರು. ಇಬ್ಬರಿಗೂ ಅದು ತಿಳಿದಿರಲಿಲ್ಲ.

ಮಾತು ಬಾರದ ವಾರಗಳು

ಆದರೆ ಅವಳ ಕಷ್ಟ ಸುಳ್ಳಾಗಿರಲಿಲ್ಲ. ಒಂದು ಸೆಮಿಸ್ಟರಿಗೆ 30 ಯುರೋಪಿಯನ್ ಕ್ರೆಡಿಟ್‌ಗಳ ಓದು. ಪಾಠವೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿ. ಆ ಭಾಷೆಗೆ ಅಂತೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸ ಬರೆದ ಮೊದಲ ವ್ಯಾಕರಣ 1492ರಲ್ಲಿ ಪ್ರಕಟವಾದದ್ದು ಇದೇ ಊರಿನಲ್ಲಿ. ಜರ್ಮನಿಯಲ್ಲಿ ಕಲಿತಿದ್ದ ಅಷ್ಟಿಷ್ಟು ಸ್ಪ್ಯಾನಿಷ್ ಅಂಗಡಿಯಲ್ಲಿ ಸಾಲುತ್ತಿತ್ತು, ತರಗತಿಯಲ್ಲಿ ಸಾಲುತ್ತಿರಲಿಲ್ಲ. ಶಾಲೆಯಿಂದಲೂ ಮೊದಲ ಬೆಂಚಿನಲ್ಲಿ ಕುಳಿತವಳು ಈಗ ಕೊನೆಯ ಸಾಲಿನಲ್ಲಿ ಮೂಕಳಾದಳು. ನಾಚಿಕೆ ಮರೆಯಲು ಇಂಗ್ಲಿಷ್ ಮಾತನಾಡುವ ವಿದೇಶೀ ವಿದ್ಯಾರ್ಥಿಗಳ ಗುಂಪು ಸೇರಿದಳು. ಊರು ಸುತ್ತಲೂ ಇತ್ತು. ಊರಿನವರು ಮಾತ್ರ ಒಬ್ಬರೂ ಪರಿಚಯವಿರಲಿಲ್ಲ.

ದಿನಚರಿಯೂ ತಲೆಕೆಳಗು. ಮಧ್ಯಾಹ್ನದ ಊಟ ಎರಡೂವರೆಗೋ ಮೂರಕ್ಕೋ. ಬಳಿಕ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿಯೂಟ ಒಂಬತ್ತರ ಮೇಲೆ. ಯುವಕರು ಹೊರಗೆ ಹೊರಡುವುದೇ ಹನ್ನೊಂದರ ಬಳಿಕ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಸಂಜೆಯ ವಿಹಾರಕ್ಕೆ ಚೌಕದಲ್ಲಿ ಒಟ್ಟಿಗೆ ಸುತ್ತುತ್ತಾರೆ. ರಾತ್ರಿ ಬೀದಿಯಲ್ಲಿರುವವರೆಲ್ಲ ದಾರಿ ತಪ್ಪಿದವರೆಂಬ ನಮ್ಮ ಅಳತೆಗೋಲು ಅಲ್ಲಿಗೆ ಹೊಂದುವುದಿಲ್ಲ. ಕುಡಿತದ ಹಾವಳಿ ಅಲ್ಲಿಲ್ಲವೆಂದು ನಾವು ಹೇಳುತ್ತಿಲ್ಲ. ವಿದ್ಯಾರ್ಥಿಗಳು ತುಂಬಿದ ಊರಿನಲ್ಲಿ ಅದೂ ಇದೆ. ಆದರೆ ಗದ್ದಲವೊಂದೇ ಪಾಪದ ಸಾಕ್ಷಿಯಲ್ಲ.

‘ನವೆಂಬರ್ ತಿಂಗಳವರೆಗೆ ಅವಕಾಶ ಕೊಡಿ, ಆಗಲೂ ಆಗದಿದ್ದರೆ ಹಿಂದಿರುಗುತ್ತೇನೆ’ ಎಂದು ಅವಳು ತಾಯಿಗೆ ಮಾತು ಕೊಟ್ಟಳು. ಬಳಿಕ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದಳು. ತಾನು ಬಾಡಿಗೆಗಿದ್ದ ಮನೆಯ ಒಡತಿಯಾದ ವೃದ್ಧ ವಿಧವೆಯ ಅಡುಗೆಮನೆಗೆ ಹೋಗಿ, ಬಟಾಟೆ ಸುಲಿಯಲು ಕುಳಿತಳು. ತನ್ನ ಕೊಂಕಣಿಯ ‘ಇಗರ್ಜ್’ ಆ ಅಜ್ಜಿಯ ‘ಇಗ್ಲೇಸಿಯಾ’ಕ್ಕೆ ನೆಂಟನೆಂದೂ, ‘ಪಾದ್ರಿ’ಯು ‘ಪಾದ್ರೆ’ಯೇ ಎಂದೂ ಅಲ್ಲಿ ತಿಳಿಯಿತು. ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಶಬ್ದಗಳು ನಾಲ್ಕೈದು ಶತಮಾನಗಳ ಬಳಿಕ ಒಂದು ಅಡುಗೆಮನೆಯಲ್ಲಿ ಸೇತುವೆಯಾದವು. ತಪ್ಪಾಡಿದಾಗ ಅಜ್ಜಿ ನಗುತ್ತಿದ್ದರು, ತಿದ್ದುತ್ತಿದ್ದರು, ಮತ್ತೆ ಹೇಳಿಸುತ್ತಿದ್ದರು. ಭಾನುವಾರ ಇಬ್ಬರೂ ಜೊತೆಯಾಗಿ ಬಲಿಪೂಜೆಗೆ ಹೋಗುತ್ತಿದ್ದರು. ಚರ್ಚಿನಲ್ಲಿ ಬೆಳ್ಳಿಗೂದಲಿನವರೇ ಹೆಚ್ಚು, ತನ್ನ ಪ್ರಾಯದವರು ವಿರಳ ಎಂದೂ ಅವಳು ನೋವಿನಿಂದ ತಿಳಿಸಿದ್ದಳು.

ಸಂತ ತೆರೇಸಾ ಕಳೆದ ರಾತ್ರಿ

ಮೃತರ ಸ್ಮರಣೆಯ ದಿನ, ನವೆಂಬರ್ 2ರಂದು, ಅವಳಿಂದ ನಮಗೆ ದೀರ್ಘ ಪತ್ರವೊಂದು ಬಂದಿತು. ಮನೆಯ ಅಜ್ಜಿ ಹೇಳಿದ ಘಟನೆಯೊಂದನ್ನು ಅದರಲ್ಲಿ ಬರೆದಿದ್ದಳು. ಅವಿಲಾದ ಸಂತ ತೆರೇಸಾ ತಮ್ಮ ಮಠಸ್ಥಾಪನೆಗಳ ಗ್ರಂಥದಲ್ಲಿ ತಾವೇ ದಾಖಲಿಸಿರುವ ಘಟನೆ ಅದು.

1570ರಲ್ಲಿ, ಸಕಲ ಸಂತರ ಹಬ್ಬದ ಮುನ್ನಾದಿನ, ತೆರೇಸಾ ಒಬ್ಬ ಧರ್ಮಭಗಿನಿಯೊಡನೆ ಸಲಮಾಂಕಾಕ್ಕೆ ಬಂದರು. ಹೊಸ ಮಠಕ್ಕೆಂದು ಗೊತ್ತುಮಾಡಿದ್ದ ಮನೆಯಲ್ಲಿ ವಿದ್ಯಾರ್ಥಿಗಳು ವಾಸವಾಗಿದ್ದರು. ಅವರನ್ನು ಕಷ್ಟಪಟ್ಟು ಬಿಡಿಸಲಾಯಿತು, ಮನೆಯೆಲ್ಲ ಹೊಲಸಾಗಿತ್ತು. ಮರುದಿನ ಪೂಜೆ ನಡೆದು ಮಠ ಸ್ಥಾಪನೆಯಾಯಿತು. ಆದರೆ ರಾತ್ರಿ ಆ ದೊಡ್ಡ ಮನೆಯಲ್ಲಿ ಇಬ್ಬರೇ ಸ್ತ್ರೀಯರು. ಹೊರದಬ್ಬಿಸಿಕೊಂಡ ವಿದ್ಯಾರ್ಥಿಗಳಲ್ಲಿ ಯಾರಾದರೂ ಸಿಟ್ಟಿನಿಂದ ಮೂಲೆಯಲ್ಲೆಲ್ಲೋ ಅಡಗಿರಬಹುದೆಂಬ ಭಯ ಜೊತೆಗಾರ್ತಿಯನ್ನು ಬಿಡಲಿಲ್ಲ. ಒಂದು ಕೋಣೆಯಲ್ಲಿ ಹುಲ್ಲು ಹಾಸಿ, ಬಾಗಿಲು ಭದ್ರಪಡಿಸಿ ಮಲಗಿದರು. ಹೊರಗೆ ಮೃತರಿಗಾಗಿ ಗಂಟೆಗಳು ಮೊಳಗುತ್ತಿದ್ದವು. ತಾನು ಈಗಲೇ ಇಲ್ಲಿ ಸತ್ತರೆ ಒಬ್ಬರೇ ಏನು ಮಾಡುವಿರೆಂದು ಜೊತೆಗಾರ್ತಿ ಕೇಳಿದಳಂತೆ. ಹಾಗಾದಾಗ ಏನು ಮಾಡಬೇಕೆಂದು ಯೋಚಿಸೋಣ, ಈಗ ನಿದ್ರೆ ಮಾಡಲು ಬಿಡು ಎಂಬರ್ಥದ ಉತ್ತರವನ್ನು ತೆರೇಸಾ ಕೊಟ್ಟರು. ಬೆಳಗಾಯಿತು, ಯಾವ ವಿದ್ಯಾರ್ಥಿಯೂ ಅಡಗಿರಲಿಲ್ಲ.

ಈ ಭಾಗವನ್ನು ತಾಯಿಗೆ ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸ್ವಾಮೀ, ನಾವಿಬ್ಬರೂ ಆ ಜೊತೆಗಾರ್ತಿಯೇ ಆದೆವು’ ಎಂದರು. ನಮ್ಮನ್ನೂ ಸೇರಿಸಿಕೊಂಡದ್ದು ನ್ಯಾಯವೇ ಆಗಿತ್ತು.

ಅತಿಥಿಯ ಹಕ್ಕು, ಅತಿಥಿಯ ಹೊಣೆ

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಫ್ರಾನ್ಸಿಸ್ಕೊ ದೆ ವಿತೋರಿಯಾ ಎಂಬ ಹೆಸರು ನಮಗೆ ಪರೀಕ್ಷೆಗಾಗಿ ನೆನಪಿಡಬೇಕಾದ ಹೆಸರಷ್ಟೇ ಆಗಿತ್ತು. ಈ ಡೊಮಿನಿಕನ್ ಗುರು 1526ರಿಂದ 1546ರಲ್ಲಿ ಮರಣ ಹೊಂದುವವರೆಗೆ ಸಲಮಾಂಕಾದಲ್ಲಿ ದೈವಶಾಸ್ತ್ರದ ಪೀಠ ಅಲಂಕರಿಸಿದ್ದರು. ಅಮೆರಿಕದ ಮೂಲನಿವಾಸಿಗಳ ಕುರಿತು 1539ರಲ್ಲಿ ನೀಡಿದ ಉಪನ್ಯಾಸದಲ್ಲಿ, ಆ ಜನ ತಮ್ಮ ನೆಲದ ನಿಜವಾದ ಒಡೆಯರು, ಚಕ್ರವರ್ತಿಯಾಗಲಿ ಪೋಪ್ ಜಗದ್ಗುರುಗಳಾಗಲಿ ಲೋಕಕ್ಕೆಲ್ಲ ಲೌಕಿಕ ಪ್ರಭುಗಳಲ್ಲ ಎಂದು ಸ್ಪೇನ್ ಸಾಮ್ರಾಜ್ಯದ ಮಡಿಲಲ್ಲೇ ನಿಂತು ವಾದಿಸಿದರು. ಅದೇ ಉಪನ್ಯಾಸದಲ್ಲಿ ಇನ್ನೊಂದು ಮಾತೂ ಇದೆ: ಹಾನಿ ಮಾಡದ ಪರದೇಶಿಗೆ ಯಾವ ನಾಡಿನಲ್ಲೂ ಸಂಚರಿಸುವ, ತಂಗುವ ಹಕ್ಕು ಸ್ವಭಾವಸಿದ್ಧವಾದುದು, ಅತಿಥಿಯನ್ನು ಕಾರಣವಿಲ್ಲದೆ ಹೊರದಬ್ಬುವುದು ಅಮಾನವೀಯ.

ಈ ವಾದವನ್ನೇ ನೆಪವಾಗಿ ಬಳಸಿ ಆಕ್ರಮಣವನ್ನು ಸಮರ್ಥಿಸಬಹುದೆಂದು ವಿಮರ್ಶಕರು ತೋರಿಸಿದ್ದಾರೆ. ಹಡಗಿನಲ್ಲಿ ಬಂದ ಅತಿಥಿಗಳು ಕೋಟೆ ಕಟ್ಟಿದ ಕಥೆ ನಮ್ಮ ಕರಾವಳಿಗೂ ಹೊಸದಲ್ಲ. ಆದುದರಿಂದ ವಿತೋರಿಯಾ ಇಟ್ಟ ಷರತ್ತನ್ನೇ ನಾವು ಬಿಗಿಯಾಗಿ ಹಿಡಿಯಬೇಕು: ಹಾನಿ ಮಾಡದೆ ಬರಬೇಕು. ಅತಿಥೇಯನ ಭಾಷೆ ಕಲಿಯುವುದು, ಅವನ ಊಟದ ವೇಳೆಗೆ ಹಸಿಯುವುದು, ಅವನ ನಗುವಿಗೆ ಗುರಿಯಾಗಲು ಒಪ್ಪುವುದು, ಇವೆಲ್ಲ ಆ ಷರತ್ತಿನ ಭಾಗಗಳೆಂದು ನಮಗೆ ತೋರುತ್ತದೆ. ಪುಸ್ತಕದಲ್ಲಿ ಓದಿ ಅಂಕ ಪಡೆದ ನಮಗಿಂತ, ಬಟಾಟೆ ಸುಲಿದ ಆ ಹುಡುಗಿ ವಿತೋರಿಯಾನನ್ನು ಚೆನ್ನಾಗಿ ಅರಿತಳು.

ಸಲಮಾಂಕಾ ಸದಾ ಒಳ್ಳೆಯ ಅತಿಥೇಯನಾಗಿತ್ತೆಂದು ಹೇಳುವಂತಿಲ್ಲ. ಓದಲೆಂದು 1527ರಲ್ಲಿ ಬಂದ ಇಗ್ನೇಷಿಯಸ್ ಲೊಯೋಲಾರನ್ನು ಅವರ ಬೋಧನೆಯ ಬಗ್ಗೆ ಸಂಶಯಪಟ್ಟು 22 ದಿನ ಸೆರೆಯಲ್ಲಿಟ್ಟರು. ಬಿಡುಗಡೆಯಾದ ಅವರು ಪ್ಯಾರಿಸ್‌ಗೆ ಹೋದರು. ಅಲ್ಲಿ ದೊರೆತ ಸಂಗಾತಿಗಳಲ್ಲೊಬ್ಬರು 1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್. ಒಂದು ಊರು ಕಳೆದುಕೊಂಡ ವಿದ್ಯಾರ್ಥಿ ಯಾವ ಯಾವ ಊರುಗಳನ್ನು ಮುಟ್ಟಿದನೆಂಬುದನ್ನು ಓದುಗರೇ ಊಹಿಸಬಹುದು.

ಪರೀಕ್ಷೆಯ ಕಾಲ

ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮುಂಭಾಗದ ಕೆತ್ತನೆಯಲ್ಲಿ, ತಲೆಬುರುಡೆಯೊಂದರ ಮೇಲೆ ಪುಟ್ಟ ಕಪ್ಪೆಯೊಂದು ಕುಳಿತಿದೆ. ಯಾರ ನೆರವೂ ಇಲ್ಲದೆ ಅದನ್ನು ಕಂಡುಹಿಡಿದವರು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆಂಬುದು ವಿದ್ಯಾರ್ಥಿಗಳ ನಂಬಿಕೆ. ಹಿಂದಿನ ಕಾಲದಲ್ಲಿ ಉನ್ನತ ಪದವಿಯ ಅಭ್ಯರ್ಥಿಯು ಪರೀಕ್ಷೆಯ ಹಿಂದಿನ ರಾತ್ರಿಯನ್ನು ಹಳೆಯ ಪ್ರಧಾನಾಲಯದ ಸಂತ ಬಾರ್ಬರಾ ಪ್ರಾರ್ಥನಾಲಯದಲ್ಲಿ, ಬಿಷಪರೊಬ್ಬರ ಸಮಾಧಿಶಿಲ್ಪದ ಪಾದಗಳಿಗೆ ತನ್ನ ಪಾದ ತಾಗಿಸಿ ಓದುತ್ತಾ ಕಳೆಯಬೇಕಾಗಿತ್ತು. ಗೆದ್ದವನ ಹೆಸರನ್ನು ಊರಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಯುತ್ತಿದ್ದರು. ಆ ಬರಹಗಳು ಇಂದಿಗೂ ಇವೆ. ನಮ್ಮ ಹುಡುಗಿ ಕಪ್ಪೆಯನ್ನು ತಾನಾಗಿ ಕಾಣಲಿಲ್ಲ, ಅಜ್ಜಿ ತೋರಿಸಿದರು. ಒಂದು ವಿಷಯದಲ್ಲಿ ಅವಳಿಗೆ ಕೇವಲ ತೇರ್ಗಡೆಯ ಅಂಕ ಬಂತು. ಆದರೆ ಆ ಪರೀಕ್ಷೆಯನ್ನು ಅವಳು ಸ್ಪ್ಯಾನಿಷ್‌ನಲ್ಲೇ, ಮೌಖಿಕವಾಗಿ ಎದುರಿಸಿದ್ದಳು.

ಅದಕ್ಕೂ ಮೊದಲಿನ ಒಂದು ಮುಂಜಾನೆಯನ್ನು ಹೇಳಿ ಮುಗಿಸುತ್ತೇವೆ. ಕ್ರಿಸ್ಮಸ್ ರಜೆಗೆ ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗುವುದರಿಂದ ಹೊಸ ವರ್ಷವನ್ನು ಒಟ್ಟಿಗೆ ಸ್ವಾಗತಿಸಲು ಅವರಿಗೆ ಆಗದು. ಆದುದರಿಂದ ಡಿಸೆಂಬರ್ ಮಧ್ಯದ ಒಂದು ರಾತ್ರಿ ಪ್ಲಾಸಾ ಮಾಯೋರ್‌ನಲ್ಲಿ ಸೇರಿ, ಗಡಿಯಾರದ ಹನ್ನೆರಡು ಹೊಡೆತಗಳಿಗೆ ದ್ರಾಕ್ಷಿಯ ಬದಲು ಹನ್ನೆರಡು ಮೆದುಮಿಠಾಯಿಗಳನ್ನು ತಿಂದು, ಹೊಸ ವರ್ಷವನ್ನು ಮುಂಗಡವಾಗಿಯೇ ಆಚರಿಸುತ್ತಾರೆ. ಅಲ್ಲಿ ನಡುರಾತ್ರಿಯಾದಾಗ ಇಲ್ಲಿ ಬೆಳಗಿನ ನಾಲ್ಕೂವರೆ. ಆ ದಿನ ತಾಯಿ ಅಲಾರಂ ಇಟ್ಟು ಎದ್ದು, ತಾವಾಗಿಯೇ ಕರೆ ಮಾಡಿದರು. ಅದೇ ಗದ್ದಲ, ಅದೇ ಅಬ್ಬರ. ‘ಏನೂ ಮಾತನಾಡಬೇಡ, ಫೋನ್ ಸ್ವಲ್ಪ ಎತ್ತಿ ಹಿಡಿ, ಗಂಟೆ ಕೇಳಬೇಕು’ ಎಂದರಂತೆ. ಹನ್ನೆರಡು ಹೊಡೆತಗಳನ್ನು ಎಣಿಸಿ, ಫೋನ್ ಇಟ್ಟು, ಮತ್ತೆ ಅರ್ಧ ಗಂಟೆ ಮಲಗಿದರು.

ಈಗ ಹೆತ್ತವರು ಇಂಥದೇ ಪ್ರಶ್ನೆ ಹೊತ್ತು ನಮ್ಮಲ್ಲಿಗೆ ಬಂದರೆ ನಾವು ತಟ್ಟನೆ ಉತ್ತರ ಕೊಡುವುದಿಲ್ಲ. ನಿಮ್ಮ ಮಗುವಿಗೆ ಆ ಊರಿನಲ್ಲಿ ಯಾರ ಅಡುಗೆಮನೆಯಾದರೂ ತೆರೆದಿದೆಯೇ ಎಂದು ಮೊದಲು ಕೇಳುತ್ತೇವೆ. ಇಲ್ಲವೆಂದಾದರೆ, ಮಗುವನ್ನು ಕರೆಸುವ ಬದಲು, ಒಂದು ಬಾಗಿಲನ್ನು ತಟ್ಟಲು ಹೇಳಿರಿ ಎನ್ನುತ್ತೇವೆ.