ಹೊಲದ ಹಕ್ಕಿಗಳೂ ಕೈಗೆ ಹೊಸತಾದ ಕ್ಯಾಮರಾವೂ

ಕೊಟ್ಟೂರು ಸುತ್ತಿನ ಎರೆ ಮತ್ತು ಮಸಾರಿ ಹೊಲಗಳಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ. ಆದರೆ ಯಾವುದು ಕಾಳು ತಿನ್ನುತ್ತದೆ, ಯಾವುದು ಹುಳು ತಿನ್ನುತ್ತದೆ ಎಂಬ ಕಟ್ಟೆಯ ಮೇಲಿನ ವಾದ ಮುಗಿಯುವುದಿಲ್ಲ. ತೆನೆಯ ಮೇಲೆ ಕುಳಿತದ್ದೆಲ್ಲ ಕಳ್ಳನೆಂದು ತಿಳಿದು ವಿಷ ಬೆರೆಸಿದ ಕಾಳು ಎರಚುವವರೂ ಉಂಟು. ಆ ಕಾಳನ್ನು ತಿಂದು ನವಿಲು ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಶಿಕ್ಷಾರ್ಹ ಅಪರಾಧ. ಕೊಕ್ಕಿನಲ್ಲಿ ಏನಿದೆ ಎಂದು ತೋರಿಸುವ ಒಂದೇ ಒಂದು ಸ್ಪಷ್ಟ ಚಿತ್ರ ಇಂಥ ವಾದಕ್ಕೆ ಒಳ್ಳೆಯ ಉತ್ತರ.

ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ಗುಂಡಿಗಳು ಹಲವು. ಮಗನದೋ ಅಳಿಯನದೋ ಕ್ಯಾಮರಾ ಕೈಗೆ ಬಂದಾಗ ಅವೆಲ್ಲವನ್ನೂ ಕಲಿಯಬೇಕಾದ ಅಗತ್ಯವಿಲ್ಲ. ಮೊದಲು ದಿನಾಂಕ, ವೇಳೆ ಸರಿಪಡಿಸಿರಿ. ಬೆಳೆಯ ಯಾವ ಹಂತದಲ್ಲಿ ಯಾವ ಹಕ್ಕಿ ಬಂದಿತೆಂಬುದಕ್ಕೆ ಅದೇ ದಾಖಲೆ. ಫೋಕಸ್ ಬಿಂದುವನ್ನು ನಡುವಿನ ಒಂದಕ್ಕೇ ನಿಲ್ಲಿಸಿರಿ. ಇಲ್ಲವಾದರೆ ಕ್ಯಾಮರಾ ಹಕ್ಕಿಯನ್ನು ಬಿಟ್ಟು ಮುಂದಿನ ಜೋಳದ ದಂಟನ್ನು ಹಿಡಿಯುತ್ತದೆ. ಕುಳಿತ ಹಕ್ಕಿಗೆ ಸೆಕೆಂಡಿನ 1/500, ಹಾರುವುದಕ್ಕೆ 1/1000ಕ್ಕಿಂತ ಕಡಿಮೆಯಿಲ್ಲದ ಷಟರ್ ವೇಗವಿರಲಿ.

ನಮ್ಮ ಭಾಗದಲ್ಲಿ ಹೊಸಬರಿಗೆ ಹೆಚ್ಚು ತೊಡಕಾಗುವುದು ಬೆಳಕಿನ ಅಳತೆ. ಕ್ಯಾಮರಾ ತನ್ನೆದುರಿನ ನೋಟವೆಲ್ಲ ಸರಾಸರಿ ಬೂದು ಬಣ್ಣವೆಂದು ಭಾವಿಸಿ ಅಳೆಯುತ್ತದೆ. ಕುಂಟೆ ಹೊಡೆಯುವಾಗ ಎತ್ತಿನ ಹಿಂದೆ ಬರುವ ಬೆಳ್ಳಕ್ಕಿಯನ್ನು ನೋಡಿರಿ. ಸುತ್ತೆಲ್ಲ ಕಪ್ಪು ಎರೆಮಣ್ಣು. ಬೆಳಕು ಸಾಲದೆಂದು ಬಗೆದು ಕ್ಯಾಮರಾ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಹಕ್ಕಿ ಗರಿಯೊಂದೂ ಕಾಣದ ಸುಣ್ಣದ ಮುದ್ದೆಯಂತಾಗುತ್ತದೆ. ಆಗ ಕೂಡು-ಕಳೆ ಗುರುತಿನ ಗುಂಡಿಯಿಂದ ಬೆಳಕನ್ನು ಒಂದು ಮೆಟ್ಟಿಲು ಕಳೆಯಬೇಕು. ವಿದ್ಯುತ್ ತಂತಿಯ ಮೇಲಿನ ಕಾಜಾಣದ್ದು ಇದಕ್ಕೆ ತದ್ವಿರುದ್ಧ. ಹಿಂದೆ ಹೊಳೆಯುವ ಆಕಾಶವಿರುವುದರಿಂದ ಹಕ್ಕಿ ಬರೀ ನೆರಳಾಗಿ ಬೀಳುತ್ತದೆ; ಒಂದು ಅಥವಾ ಒಂದೂವರೆ ಮೆಟ್ಟಿಲು ಕೂಡಿಸಬೇಕು. ಇದಿಷ್ಟು ಗೊತ್ತಾದರೆ ಅರ್ಧ ವಿದ್ಯೆ ಕೈಗೆ ಬಂದಂತೆ.

ಬೆಳಿಗ್ಗೆ 9ರ ಒಳಗೆ, ಸಂಜೆ 4ರ ನಂತರ ಹೊರಡುವುದು ಮೇಲು. ನಡು ಹಗಲಿನಲ್ಲಿ ನೆಲದಿಂದೇಳುವ ಜಳದಲ್ಲಿ ದೂರದ ಹಕ್ಕಿ ಅಲುಗಿದಂತೆ ಮೂಡುತ್ತದೆ, ಅದಕ್ಕೆ ಎಷ್ಟು ಬೆಲೆಯ ಮಸೂರವೂ ಪರಿಹಾರವಲ್ಲ. ನಡೆದು ಬರುವ ಮನುಷ್ಯನಿಗೆ ಹೆದರುವ ಹಕ್ಕಿ ಎತ್ತಿನ ಗಾಡಿಗೂ ಟ್ರ್ಯಾಕ್ಟರಿಗೂ ಅಷ್ಟಾಗಿ ಹೆದರದು.

ಕಡಲೆಯಲ್ಲಿ ಕಾಯಿಕೊರಕದ ಹತೋಟಿಗಾಗಿ ಹಕ್ಕಿ ಕೂರಲು ಕವಲುಕಡ್ಡಿ ನೆಡುವುದು ತಿಳಿದದ್ದೇ. ಆ ಕಡ್ಡಿ ಛಾಯಾಗ್ರಾಹಕನಿಗೂ ಉಪಕಾರಿ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬದುವಿನ ಮೇಲೆ ಕುಳಿತು, ಕಡ್ಡಿಯ ತುದಿಗೆ ಮೊದಲೇ ಫೋಕಸ್ ಮಾಡಿಟ್ಟು ಕಾಯಿರಿ. ಕಾಜಾಣ, ನೀಲಕಂಠ, ಗೊರವಂಕಗಳು ತಾವಾಗಿ ಬಂದು ಕೂರುತ್ತವೆ. ನೆಲಕ್ಕಿಳಿದು ಮರಳಿ ಬಂದಾಗ ಒಂದರ ಹಿಂದೊಂದು ನಾಲ್ಕೈದು ಚಿತ್ರ ತೆಗೆದರೆ ಕೊಕ್ಕಿನಲ್ಲಿಯ ಹುಳು ಒಂದರಲ್ಲಾದರೂ ಸಿಕ್ಕೀತು.

ಚಿತ್ರಗಳನ್ನು ಓದುವಾಗ ಅವಸರ ಸಲ್ಲದು. ಹಾಲುಗಾಳಿನ ಜೋಳಕ್ಕೆ ಗಿಳಿ ಹಾನಿ ಮಾಡುವುದು ದಿಟ. ಕಾಳು ತಿನ್ನುವ ಗೀಜಗ ಮರಿಗಳಿಗೆ ಹುಳು ಉಣಿಸುತ್ತದೆ. ಚಳಿಗಾಲದಲ್ಲಿ ಹಿಂಡಾಗಿ ವಲಸೆ ಬರುವ ಗುಲಾಬಿ ಕಬ್ಬಕ್ಕಿ ಜೋಳವನ್ನೂ ತಿನ್ನುತ್ತದೆ, ಮಿಡತೆಯನ್ನೂ ತಿನ್ನುತ್ತದೆ. ಒಂದು ಚಿತ್ರದಿಂದ ತೀರ್ಪು ಕೊಡದೆ, ಹಂಗಾಮು ಪೂರ್ತಿ ತೆಗೆದು ಹೋಲಿಸುವುದು ಸರಿ.

ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದೂ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಂದ ಹೆಸರಾದವರು. ಅವರದು ಫಿಲ್ಮಿನ ಕಾಲ. ಈಗ ತಪ್ಪಿದ ಚಿತ್ರಕ್ಕೆ ಖರ್ಚಿಲ್ಲ, ಅಳಿಸಿದರಾಯಿತು.

ಕೈ ಪಳಗಿಸಲು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ತಕ್ಕ ಸ್ಥಳ. ಸುಮಾರು 98 ಹೆಕ್ಟೇರಿನ ಈ ಹಳೆಯ ನೀರಾವರಿ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆಗಳಂಥ ದೊಡ್ಡ, ನಿಧಾನಗತಿಯ ಹಕ್ಕಿಗಳು ಹೊಸಬರಿಗೆ ಸುಲಭ. ಅಲ್ಲಿಯೂ ಹೊಲದಲ್ಲಿಯೂ ಗೂಡಿನ ಹತ್ತಿರ ಹೋಗಕೂಡದು. ಟಿಟ್ಟಿಭವು ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತ ಕೂಗತೊಡಗಿತೆಂದರೆ, ಕ್ಯಾಮರಾ ಚೀಲಕ್ಕಿಟ್ಟು ಬಂದ ದಾರಿಯಲ್ಲಿಯೇ ಹಿಂದಿರುಗಿರಿ.