ಬಿಳಿಗಲ್ಲಿನಲ್ಲಿ ಅಡಗಿದ ಲಿಥಿಯಮ್

ರಾಣೇಬೆನ್ನೂರು ತಾಲ್ಲೂಕಿನ ಐರಣಿಯಲ್ಲಿ ತುಂಗಭದ್ರೆಯ ದಡಕ್ಕೆ ಹೋದವರು ಹೊಳೆಯ ಮರಳಿನಿಂದ ಬಿಳಿಯ ಕಲ್ಲುಗಳನ್ನು ಆರಿಸಿ ನೋಡುವುದುಂಟು. ವಿದ್ಯುತ್ಕೋಶಗಳಿಗೆ ಬೇಕಾದ ಲಿಥಿಯಮ್ ನಮ್ಮ ನಾಡಿನಲ್ಲಿಯೂ ದೊರೆತಿದೆಯೆಂದು ಓದಿದ ವಿದ್ಯಾರ್ಥಿಗೆ, ಆ ಧಾತು ಇಂತಹ ಬಿಳಿಗಲ್ಲಿನಲ್ಲಿ ಏಕಿರಬಾರದು ಎಂಬ ಪ್ರಶ್ನೆ ಹೊಳೆಯುವುದು ಸಹಜ. ಆದರೆ ಬಿಳಿಗಲ್ಲುಗಳೆಲ್ಲ ಒಂದೇ ಜಾತಿಯವಲ್ಲ. ರಾಣೇಬೆನ್ನೂರಿನ ಸುತ್ತಣ ನೆಲ ಬಹುಮಟ್ಟಿಗೆ ಗ್ರೇವಾಕೆ ಎಂಬ ಶಿಲೆಯದು; 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದಲ್ಲಿ ತಂಗಿದ ಮರಳೂ ಕೆಸರೂ ಗಟ್ಟಿಯಾಗಿ ಆದುದು. ಇಂತಹ ಶಿಲೆಯ ಬಿರುಕುಗಳಲ್ಲಿ ಕಾಣುವ ಬಿಳಿಯ ಎಳೆ ಸಾಮಾನ್ಯವಾಗಿ ಬೆಣಚುಕಲ್ಲು. ಅದರಲ್ಲಿರುವುದು ಸಿಲಿಕಾನ್ ಮತ್ತು ಆಮ್ಲಜನಕ, ಅಷ್ಟೆ. ಲಿಥಿಯಮ್ ಬೇಕಾದರೆ ಪೆಗ್ಮಟೈಟ್ ಎಂಬ ಶಿಲೆಯನ್ನು ಅರಸಬೇಕು.

ಭೂಗರ್ಭದಲ್ಲಿ ಗ್ರಾನೈಟಿನ ಶಿಲಾರಸವು ನಿಧಾನವಾಗಿ ಆರುವಾಗ ಖನಿಜಗಳು ಒಂದೊಂದಾಗಿ ಹರಳುಗಟ್ಟುತ್ತವೆ. ಹರಳಿನೊಳಗೆ ಪ್ರತಿಯೊಂದು ಪರಮಾಣುವಿಗೂ ಅದರ ಗಾತ್ರಕ್ಕೆ ತಕ್ಕ ಸ್ಥಾನವುಂಟು. ಲಿಥಿಯಮ್ ಬಹು ಚಿಕ್ಕದು. ಪೊಟ್ಯಾಸಿಯಮ್ ಕುಳಿತುಕೊಳ್ಳುವ ಎಡೆ ಅದಕ್ಕೆ ಸಲ್ಲದು. ಸೀಸಿಯಮ್ ಬಹು ದೊಡ್ಡದು, ಅದಕ್ಕೂ ಎಡೆಯಿಲ್ಲ. ಹೀಗೆ ಸ್ಥಾನ ದೊರೆಯದವೆಲ್ಲ ಕೊನೆಯಲ್ಲಿ ಉಳಿದ, ನೀರಿನ ಅಂಶ ಹೆಚ್ಚಾಗಿರುವ ತೆಳುವಾದ ರಸದಲ್ಲಿ ಕೂಡಿಕೊಳ್ಳುತ್ತವೆ. ಆ ರಸ ಸುತ್ತಲಿನ ಶಿಲೆಗಳ ಬಿರುಕುಗಳಿಗೆ ನುಗ್ಗಿ ಹರಳುಗಟ್ಟಿದಾಗ ಪೆಗ್ಮಟೈಟ್ ಆಗುತ್ತದೆ. ಇದರ ಹರಳುಗಳು ಕೆಲವೊಮ್ಮೆ ವಿಸ್ಮಯಕರವಾಗಿ ದೊಡ್ಡವು: ಅಮೆರಿಕದ ದಕ್ಷಿಣ ಡಕೋಟದ ಎಟ್ಟಾ ಗಣಿಯಲ್ಲಿ 12 ಮೀಟರಿಗೂ ಉದ್ದವಾದ ಸ್ಪಾಡ್ಯುಮೀನ್ ಹರಳು ದೊರೆತಿತ್ತು. ಈ ಸ್ಪಾಡ್ಯುಮೀನ್ ಎಂಬುದೇ ಲಿಥಿಯಮಿನ ಮುಖ್ಯ ಅದಿರು.

ಕರ್ನಾಟಕದಲ್ಲಿ ಅಂತಹ ಪೆಗ್ಮಟೈಟುಗಳು ಕಂಡುಬಂದುದು ಐರಣಿಯಿಂದ ಬಹುದೂರ ದಕ್ಷಿಣಕ್ಕೆ, ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಮತ್ತು ಅಲ್ಲಾಪಟ್ಟಣಗಳ ಪ್ರದೇಶದಲ್ಲಿ. ಶೋಧನೆ ನಡೆಸಿದುದು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯ. ಪರಮಾಣು ಇಲಾಖೆಗೂ ವಿದ್ಯುತ್ಕೋಶದ ಧಾತುವಿಗೂ ಏನು ನಂಟೆಂದು ವಾಚಕರು ಕೇಳಬಹುದು. ಅಣುಶಕ್ತಿಯ ಕಾರ್ಯಗಳಲ್ಲಿಯೂ ಲಿಥಿಯಮಿಗೆ ಉಪಯೋಗವಿರುವುದರಿಂದ ಅದರ ಅದಿರುಗಳು 2023ರವರೆಗೂ ಪರಮಾಣು ಖನಿಜಗಳ ಪಟ್ಟಿಯಲ್ಲಿದ್ದವು.

ಶೋಧನೆಯ ತೊಡಕೇನೆಂದರೆ, ಬಿಳಿ ಅಥವಾ ಬೂದುಬಣ್ಣದ ಸ್ಪಾಡ್ಯುಮೀನ್ ನೋಟಕ್ಕೆ ಫೆಲ್ಡ್‌ಸ್ಪಾರಿನಂತೆಯೇ ಇರುತ್ತದೆ. ಕೈಯಲ್ಲಿ ಹಿಡಿದರೆ ಕೊಂಚ ಹೆಚ್ಚು ತೂಕವೆನಿಸುತ್ತದೆ: ಬೆಣಚುಕಲ್ಲಿನ ಸಾಂದ್ರತೆ 2.65, ಇದರದು ಸುಮಾರು 3.1. ಇನ್ನೂ ವಿಚಿತ್ರವಾದುದು ಯಂತ್ರದ ಅಸಹಾಯಕತೆ. ಕಲ್ಲಿಗೆ ಒತ್ತಿ ಹಿಡಿದರೆ ಅದರಲ್ಲಿರುವ ಧಾತುಗಳನ್ನು ಕ್ಷಣದಲ್ಲಿ ತಿಳಿಸುವ ಕ್ಷ-ಕಿರಣದ ಉಪಕರಣಗಳು ಇಂದು ಬಳಕೆಯಲ್ಲಿವೆ. ಆದರೆ ಲೋಹಗಳಲ್ಲೆಲ್ಲ ಹಗುರವಾದ ಲಿಥಿಯಮ್ ಹೊರಸೂಸುವ ಕ್ಷ-ಕಿರಣ ಅತಿ ದುರ್ಬಲವಾದುದರಿಂದ ಆ ಉಪಕರಣಕ್ಕೆ ಅದು ಕಾಣಿಸುವುದೇ ಇಲ್ಲ. ಆದುದರಿಂದ ಶೋಧಕರು ಅದರ ಸಂಗಡಿಗರನ್ನು ಹಿಡಿಯುತ್ತಾರೆ. ಫೆಲ್ಡ್‌ಸ್ಪಾರ್ ಮತ್ತು ಕಾಗೆಬಂಗಾರದಲ್ಲಿ ಪೊಟ್ಯಾಸಿಯಮಿಗೆ ಹೋಲಿಸಿದರೆ ರುಬಿಡಿಯಮ್ ಹೆಚ್ಚುತ್ತ ಹೋದಂತೆ ಶಿಲಾರಸದ ಕೊನೆಯ ಉಳಿಕೆಗೆ ಸಮೀಪಿಸುತ್ತಿದ್ದೇವೆಂದು ಅರ್ಥ. ಹಳ್ಳಗಳ ಮರಳನ್ನು ಜಾಲಿಸಿದಾಗ ತವರದ ಅದಿರೋ ಟ್ಯಾಂಟಲಮಿನ ಕರಿಯ ಹರಳುಗಳೋ ದೊರೆತರೆ, ಅವು ಎಲ್ಲಿಂದ ಬಂದವೆಂದು ಮೇಲ್ದಿಕ್ಕಿಗೆ ನಡೆಯುತ್ತಾರೆ. ಕೊನೆಗೆ ಕಲ್ಲಿನ ಪುಡಿಯನ್ನು ಪ್ರಯೋಗಾಲಯದಲ್ಲಿ ಆಮ್ಲದಲ್ಲಿ ಕರಗಿಸಿ ಅಳೆದಾಗಲೇ ಲಿಥಿಯಮಿನ ಪ್ರಮಾಣ ನಿಶ್ಚಿತವಾಗುವುದು.

ಇಷ್ಟಾದರೂ ನೆಲದಡಿಯಲ್ಲಿ ಎಷ್ಟಿದೆಯೆಂಬುದು ತಿಳಿಯದು. ಪೆಗ್ಮಟೈಟಿನ ಎಳೆ ಕೆಳಗೆ ಹೋದಂತೆ ದಪ್ಪವಾಗಬಹುದು, ಹತ್ತಾರು ಮೀಟರುಗಳಲ್ಲಿ ಬತ್ತಿಯೂ ಹೋಗಬಹುದು. ಒಂದೇ ಎಳೆಯಲ್ಲಿ ಸ್ಪಾಡ್ಯುಮೀನ್ ಒಂದು ಪಟ್ಟಿಯಲ್ಲಿ ತುಂಬಿದ್ದು ಪಕ್ಕದ ಪಟ್ಟಿಯಲ್ಲಿ ಇಲ್ಲದಿರಬಹುದು. ಮಾರ್ಲಗಲ್ಲದ ನಿಕ್ಷೇಪ 14,100 ಟನ್ ಎಂಬ ಅಂದಾಜು 2020ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದಿತು. 2021ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿದ ಪ್ರಮಾಣ 1,600 ಟನ್. ಅದೂ ನೆಲದ ಮೇಲಣ ಸಮೀಕ್ಷೆ ಮತ್ತು ಕೆಲವೇ ಕೊರೆತಗಳ ಆಧಾರದ ಊಹಿತ ಪ್ರಮಾಣ. ಮೊದಲ ಅಂಕಿಯನ್ನೇ ನಂಬಿ ಸಂಭ್ರಮಪಟ್ಟವರೇ ಹೆಚ್ಚು. ಎರಡನೆಯದನ್ನು ಗಮನಿಸಿದವರು ಕಡಮೆ.

ಅದಿರು ಕೈಗೆ ಬಂದ ಮೇಲೂ ಖರ್ಚು ತಪ್ಪದು. ಸ್ಪಾಡ್ಯುಮೀನನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸಿಗೂ ಮೇಲೆ ಕಾಯಿಸಿ ಅದರ ಹರಳಿನ ರಚನೆಯನ್ನು ಸಡಿಲಿಸಿದ ಹೊರತು ಗಂಧಕಾಮ್ಲವು ಲಿಥಿಯಮನ್ನು ಹೊರಸೆಳೆಯಲಾರದು. ಆ ಕುಲುಮೆಯ ವೆಚ್ಚವನ್ನು ಹೊರುವಷ್ಟು ಅದಿರು ಒಂದು ನಿಕ್ಷೇಪದಲ್ಲಿ ಇದೆಯೇ ಎಂಬುದನ್ನು, ಹತ್ತಿರ ಹತ್ತಿರದಲ್ಲಿ ಕೊರೆದು ತೆಗೆದ ಕಲ್ಲಿನ ಕಂಬಿಗಳೇ ಹೇಳಬೇಕು.